ಮೂರನೆಯ ಗುಳಿ

ಕಳೆದ ತಿಂಗಳು ಮನೆಯ ಮುಂಬಾಗಿಲಿನ ಬೀಗದ ಕೈಗೆ ಇನ್ನೊಂದು ನಕಲು ಮಾಡಿಸೋಣವೆಂದು ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನ ಶಾಪಿಂಗ್ ಸೆಂಟರಿಗೆ ಹೋಗಿದ್ದೆ. ಎಸ್ಕಲೇಟರಿನ ಪಕ್ಕದಲ್ಲಿ ಪುಟ್ಟ ಗೂಡಂಗಡಿ. ಅಂಗಡಿಯವನು ಕೀಯನ್ನು ಮಷೀನಿನ ಬಾಯಿಗೆ ಕಚ್ಚಿಸಿ ಸ್ವಿಚ್ ಒತ್ತಿದ. ಕಿರ್ರೆಂದು ಶಬ್ದ, ಉದುರಿದ ಹಳದಿ ಪುಡಿ, ಅದರ ಹಿಂದೆಯೇ ಆ ವಾಸನೆ... ಬಿಸಿಯಾದ ಹಿತ್ತಾಳೆಯದು. ಬೆವರಿದ ಅಂಗೈಯಲ್ಲಿ ಬಹಳ ಹೊತ್ತು ಹಿಡಿದಿಟ್ಟ ನಾಣ್ಯದಂಥ ವಾಸನೆ, ಜೊತೆಗೆ ಒಂದಿಷ್ಟು ಎಣ್ಣೆಯದು. ಅವನು ಕೀ ಚಾಚಿ "ತಗೋ ಮೇಟ್" ಅಂದದ್ದು ಕೇಳಿಸಿತು. ನನ್ನ ಕೈ ಮುಂದೆ ಹೋಗಲಿಲ್ಲ. ನಲವತ್ತು ವರ್ಷಕ್ಕೂ ಹಿಂದಿನ ಒಂದು ತಗಡಿನ ಶೆಡ್ಡಿನೊಳಗೆ ನಿಂತುಬಿಟ್ಟಿದ್ದೆ. ಎದುರಿಗೆ ನಮ್ಮ ಫೋರ್ಮನ್.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಹಕ್ಕು ನನಗಿದೆ ಅಂತ ಅನ್ನಿಸುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನನ್ನ ಹೆಂಡತಿ ಮೈಸೂರಿನಲ್ಲಿ ಡಾಕ್ಟರಿ ಓದಿದವಳು. ಅಡಿಲೇಡಿನ ಒಂದು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ನಾನು ಅವಳ ಜೊತೆ ಬಂದವನು. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಹತ್ತು ವರ್ಷ ಮಿಲ್ಲಿಂಗ್ ಮಷೀನಿನ ಮುಂದೆ ನಿಂತ ಅನುಭವವಿತ್ತು ನನಗೆ. ಆದರೆ ಅಡಿಲೇಡಿನಲ್ಲಿ ಆಗ ಇದ್ದ ನಾಲ್ಕಾರು ಕನ್ನಡದ ಸಂಸಾರಗಳೆಲ್ಲ ಡಾಕ್ಟರುಗಳವೇ. ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಒಂದೇ ಮನೆಯಲ್ಲಿ ಸೇರಿ ಬಿಸಿಬೇಳೆಬಾತ್ ತಿನ್ನುತ್ತಾ ವಾರ್ಡು, ಡ್ಯೂಟಿ, ಪರೀಕ್ಷೆ ಅಂತ ಮಾತಾಡುತ್ತಿದ್ದರು. "ನಿಮ್ದು ಯಾವ ಆಸ್ಪತ್ರೆ?" ಅಂತ ಯಾರಾದರೂ ಕೇಳುತ್ತಿದ್ದರು. "ಕಿಲ್ಬರ್ನ್‌ನಲ್ಲಿ ಒಂದು ವರ್ಕ್‌ಶಾಪು" ಅನ್ನುತ್ತಿದ್ದೆ. ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಸಾರು ಬಡಿಸಿಕೊಳ್ಳುತ್ತಿದ್ದರು. ಆ ಒಂದು ಕ್ಷಣವನ್ನು ನಾನು ಮನೆಗೆ ಹೊತ್ತುಕೊಂಡು ಬರುತ್ತಿದ್ದೆ. ಎಲ್ಲರೂ ನನ್ನನ್ನು ಅಳೆಯುತ್ತಿದ್ದಾರೆ ಅನ್ನುವ ಗುಮಾನಿ ಆಗಲೇ ನನ್ನೊಳಗೆ ಬೇರು ಬಿಟ್ಟಿತ್ತು.

ಕಿಲ್ಬರ್ನ್‌ನ ಆ ಶೆಡ್ಡು ರೈಲು ಹಳಿಯ ಪಕ್ಕದಲ್ಲಿತ್ತು. ಒಬ್ಬ ಮಾಲೀಕ, ಏಳೆಂಟು ಜನ ಕೆಲಸಗಾರರು, ಎಲ್ಲರ ಮೇಲೆ ಫೋರ್ಮನ್. ಅರವತ್ತರ ಅಂಚಿನ, ಎತ್ತರದ, ಮಾತು ಕಮ್ಮಿಯ ಮನುಷ್ಯ. ಯುದ್ಧ ಮುಗಿದ ಮೇಲೆ ಯುರೋಪಿನ ಯಾವುದೋ ಮೂಲೆಯಿಂದ ಹಡಗು ಹತ್ತಿ ಬಂದವರಂತೆ. ಅವರ ಇಂಗ್ಲಿಷಿಗೂ ನನ್ನದರ ಹಾಗೆಯೇ ಬೇರೆ ಊರಿನ ವಾಸನೆಯಿತ್ತು. ಅದರಿಂದ ನಮ್ಮಿಬ್ಬರ ನಡುವೆ ಸಲಿಗೆ ಬೆಳೆಯಬೇಕಾಗಿತ್ತು, ಬೆಳೆಯಲಿಲ್ಲ. ಮನಸ್ಸಿನಲ್ಲಿ ನಾನು ಅವರನ್ನು "ಮುದುಕ" ಅಂತಲೇ ಕರೆಯುತ್ತಿದ್ದೆ.

ನಾನು ಸೇರಿದಾಗ ಒಂದು ರೈಫಲ್ ಕ್ಲಬ್ಬಿನ ಕೆಲಸ ಬಂದಿತ್ತು. ಗುರಿ ಹೊಡೆಯುವ ಪಂದ್ಯಕ್ಕೆ ಬಳಸುವ ಹಳೆಯ ರೈಫಲುಗಳು ಅವರವು. ಅವಕ್ಕೆ ಸರಿಹೊಂದುವ ಕಾಡತೂಸು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅದಕ್ಕೇ ಬೇರೆ ಜಾತಿಯ ಕಾಡತೂಸಿನ ಉದ್ದನೆಯ ಖಾಲಿ ಹಿತ್ತಾಳೆ ಕೊಳವೆಗಳನ್ನು ಮೂಟೆಗಟ್ಟಲೆ ತಂದು ಸುರಿದಿದ್ದರು. ಅವನ್ನು ಬಾಯಿಯ ಕಡೆಯಿಂದ ಕತ್ತರಿಸಿ, ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ಶಾಪಿನಲ್ಲಿ ಅದಕ್ಕೆ ಬರೀ "ಕೇಸು" ಅನ್ನುತ್ತಿದ್ದೆವು. ಮೊದಲ ದಿನ ಮನೆಗೆ ಬಂದು "ಇವತ್ತು ಇನ್ನೂರು ಕೇಸು ಮುಗಿಸಿದೆ" ಅಂದಾಗ ಹೆಂಡತಿ ನಕ್ಕುಬಿಟ್ಟಳು. "ನಾನು ಬೆಳಗಿಂದ ಹನ್ನೆರಡು ನೋಡೋ ಹೊತ್ತಿಗೆ ಸುಸ್ತಾದೆ ಕಣ್ರೀ. ನೀವೇ ದೊಡ್ಡ ಡಾಕ್ಟರು."

ಕತ್ತರಿಸುವುದು ಕಷ್ಟವಲ್ಲ. ಕಷ್ಟವಿರುವುದು ಹಿಡಿಯುವುದರಲ್ಲಿ. ಕೇಸಿನ ಬುಡ ದಪ್ಪ, ಬಾಯಿ ಉಗುರಿನಷ್ಟು ತೆಳು, ಮೈ ಕ್ಯಾರೆಟ್ಟಿನ ಹಾಗೆ ಓರೆ. ಮೊದಲ ದಿನ ಫೋರ್ಮನ್ ಒಂದು ಕೇಸನ್ನು ನನ್ನ ಕೈಗಿಟ್ಟು "ಹಿಡಿದು ತೋರಿಸು" ಅಂದರು. ನಾನು ಅವಸರದಲ್ಲಿ ಮಷೀನಿನ ವೈಸಿಗೇ ಕಚ್ಚಿಸಿದೆ. ತಿರುಪು ಬಿಗಿಯಾಗುತ್ತಿದ್ದ ಹಾಗೆ ಅದರ ದುಂಡು ಬಾಯಿ ಮೊಟ್ಟೆಯಾಕಾರವಾಯಿತು. ಅವರು ಅದನ್ನು ತೆಗೆದು ನನ್ನ ಮಷೀನಿನ ಮೇಲಿನ ಹಲಗೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದರು. ವೈಸಿನ ದವಡೆಗೆ ಅಲ್ಯೂಮಿನಿಯಂ ಹಾಕಿ, ಕೇಸಿನ ಆಕಾರಕ್ಕೇ ಕೊರೆದರೆ ಆಗುತ್ತದಲ್ಲ ಅಂದೆ. "ಹತ್ತು ಮಾಡೋಕೆ ಸರಿ. ಮೂಟೆಗೆ ಸಾಲದು" ಅಂದರು. ಹಾಗಾದರೆ ಕಾಲೆಟ್? ಅದು ಬುಡವನ್ನು ಸುತ್ತಲೂ ಒಂದೇ ಸಮ ತಬ್ಬಿಕೊಳ್ಳುವ ಸೀಳು ಬಳೆ. "ಚೆನ್ನಾಗಿ ಹಿಡಿಯುತ್ತೆ. ಆದರೆ ಒಂದೊಂದೇ. ಹಿಡಿಯೋದೇ ಕೆಲಸ ಮೇಟ್, ಕತ್ತರಿಸೋಕೆ ಮಷೀನಿದೆ."

ಆಮೇಲೆ ತಮ್ಮ ಬೀರುವಿನಿಂದ ಬಟ್ಟೆ ಸುತ್ತಿದ ಒಂದು ಭಾರವನ್ನು ತಂದು ಬಿಚ್ಚಿದರು. ಉಕ್ಕಿನ ಬ್ಲಾಕು. ಅದರಲ್ಲಿ ಸಾಲಾಗಿ ಐದು ಗುಳಿ, ಥೇಟ್ ನಮ್ಮ ಅಳಗುಳಿಮಣೆಯ ತುಂಡು. ಪ್ರತಿ ಗುಳಿಯೂ ಕೇಸಿನ ಮೈಯ ಓರೆಗೆ ಸರಿಯಾಗಿ ಕೊರೆದದ್ದು. ಬ್ಲಾಕು ಉದ್ದಕ್ಕೆ ಎರಡು ಹೋಳು, ಒಂದು ಬೋಲ್ಟು ತಿರುವಿದರೆ ಐದು ಕೇಸುಗಳೂ ಒಟ್ಟಿಗೆ ಬಿಗಿ. ಬಾಯಿಯ ತುದಿ ಮಾತ್ರ ಮೇಲೆ ಇಣುಕುತ್ತದೆ, ಹಾಗಾಗಿ ಕಟ್ಟರ್ ಹಾದಾಗ ತೆಳು ಗೋಡೆ ನಡುಗುವುದಿಲ್ಲ. ಗುಳಿಯ ತಳದಲ್ಲಿ ಅಂಗಿಯ ಗುಂಡಿಯಂಥ, ಗಟ್ಟಿ ಉಕ್ಕಿನ ಒಂದೊಂದು ಗುಂಡಿಯನ್ನು ಒತ್ತಿ ಕೂರಿಸಿದ್ದರು. ಕೇಸಿನ ಬುಡ ಅದರ ಮೇಲೆ ಕೂರಬೇಕು. ಮೈಯಿಂದ ಅಳೆದರೆ ಒಂದೊಂದೂ ಒಂದೊಂದು ಉದ್ದ ಬರುತ್ತದೆ, ಬುಡದಿಂದ ಅಳೆದರೆ ಎಲ್ಲವೂ ಒಂದೇ. ಅವರು ಒಂದು ಬ್ರಷ್ ಕೊಟ್ಟರು. ಪ್ರತಿ ಸಲವೂ ಗುಳಿಯ ಪುಡಿ ಗುಡಿಸಿಯೇ ಮುಂದಿನ ಐದನ್ನು ಇಡಬೇಕು. "ಅಳೆಯೋದು ನನ್ನ ಕೆಲಸ. ನೀನು ಅಳೀಬೇಡ. ಬ್ಲಾಕನ್ನ ಬಿಚ್ಚಲೂಬೇಡ."

ಬೆಂಗಳೂರಿನಲ್ಲಿ ಅಂಥ ಬ್ಲಾಕುಗಳನ್ನು ನಾನೇ ಮಾಡಿದ್ದೆ. ಈತ ನನಗೆ ಅಳೆಯಬೇಡ ಅನ್ನುತ್ತಾನಲ್ಲ... ಆ ದಿನ ಊಟ ಸೇರಲಿಲ್ಲ.

ಮೊದಲ ವಾರದ ಕೊನೆಗೆ ಕ್ಲಬ್ಬಿನವರು ಒಂದು ಡಬ್ಬಿ ಕೇಸುಗಳನ್ನು ಆರಿಸಿ ವಾಪಸ್ ಕಳಿಸಿದರು. ಉದ್ದ ಕಮ್ಮಿ, ಏಳು ಥೌ. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ಕಣ್ಣಿಗೆ ಕಾಣದ್ದು, ಆದರೆ ಒಂದೇ ಅಳತೆ ಬೇಕೆಂದವರಿಗೆ ಕಸವೇ. ಮಾಲೀಕ ನನ್ನನ್ನು ಕರೆದು, ಮೂರು ತಿಂಗಳ ಪರೀಕ್ಷೆಯ ಅವಧಿ ಇನ್ನೂ ಮುಗಿದಿಲ್ಲ ಅನ್ನುವುದನ್ನು ನಗುತ್ತಲೇ ನೆನಪಿಸಿದರು. ಫೋರ್ಮನ್ ಪಕ್ಕದಲ್ಲೇ ನಿಂತಿದ್ದರು. ತುಟಿ ಪಿಟಕ್ಕೆನ್ನಲಿಲ್ಲ.

ಅಲ್ಲಿಂದಾಚೆಗೆ ದೂರು ಬರಲಿಲ್ಲ. ಆದರೆ ನನಗೆ ಬೇರೆ ಏನೋ ಕಾಣತೊಡಗಿತು. ಸಂಜೆ ನಾವೆಲ್ಲ ಕೈ ತೊಳೆಯಲು ಹೋದಾಗ ಅವರು ನನ್ನ ಟ್ರೇ ಮುಂದೆ ನಿಂತು ಕೇಸುಗಳನ್ನು ಒಂದೊಂದೇ ಅಳೆಯುತ್ತಿದ್ದರು. ಕೆಲವನ್ನು ಬಿಸ್ಕೆಟ್ ಡಬ್ಬಿಯೊಂದಕ್ಕೆ ಹಾಕಿ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೆಳಿಗ್ಗೆ ನಾನು ಎಷ್ಟು ಬೇಗ ಹೋದರೂ ಅವರು ಆಗಲೇ ಅಲ್ಲಿರುತ್ತಿದ್ದರು. ಮೂಲೆಯ ಹಳೆಯ ಮಷೀನನ್ನು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ನನ್ನನ್ನು ಕಂಡ ತಕ್ಷಣ ಅದಕ್ಕೆ ಬಟ್ಟೆ ಹೊದಿಸುತ್ತಿದ್ದರು.

ಸಾಕ್ಷಿ ಕೂಡಿಡುತ್ತಿದ್ದಾನೆ ಅಂದುಕೊಂಡೆ. ಮೂರು ತಿಂಗಳು ತುಂಬುವ ದಿನ ಆ ಡಬ್ಬಿಯನ್ನು ಮಾಲೀಕರ ಮೇಜಿನ ಮೇಲೆ ಸುರಿದು, "ನೋಡಿ ಇವನ ಕೆಲಸ" ಅಂತಾನೆ. ಇಲ್ಲವೇ ನನ್ನ ಒಳ್ಳೆಯ ಕೇಸುಗಳನ್ನು ತೆಗೆದು ಕೆಟ್ಟವನ್ನು ಸೇರಿಸುತ್ತಿದ್ದಾನೆ... ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಅದರಲ್ಲೂ ನನ್ನ ಮುಂದೆ ಇದ್ದದ್ದೆಲ್ಲ ಹಿತ್ತಾಳೆಯೇ.

ಕ್ರಿಸ್‌ಮಸ್ಸಿಗೆ ಮುಂಚಿನ ಶನಿವಾರ ಶಾಪಿನ ಅಂಗಳದಲ್ಲಿ ಬಾರ್ಬಿ, ಅಂದರೆ ಕೆಂಡದ ಮೇಲೆ ಸುಟ್ಟು ತಿನ್ನುವ ಬಾರ್ಬೆಕ್ಯೂ ಊಟ, ಇತ್ತು. ಹೆಂಡತಿ ಕೋಡುಬಳೆ ಮಾಡಿ ತಂದಿದ್ದಳು. ಎಲ್ಲರಿಗೂ ಹಂಚುತ್ತಾ ಬಂದು ಫೋರ್ಮನ್ನರ ಮಗ್ಗುಲಿನಿಂದ ತಟ್ಟೆ ಚಾಚಿದಳು. ಅವರಿಗೆ ತಟ್ಟೆ ಕಾಣಲೇ ಇಲ್ಲ. ತಿರುಗುವಾಗ ಮೊಣಕೈ ತಗುಲಿ ಅಷ್ಟೂ ನೆಲದ ಪಾಲಾಯಿತು. ಅವರು ತಡಬಡಿಸಿ ಬಗ್ಗಿ ಆರಿಸತೊಡಗಿದರು. ಕಾಲ ಬುಡದಲ್ಲಿದ್ದವನ್ನು ಬಿಟ್ಟು ಎದುರಿಗಿದ್ದವನ್ನು ಮಾತ್ರ ಆರಿಸಿದರು. ಹೆಂಡತಿ ಅವರನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಏನೋ ಹೇಳಿದಳು. ಅವರು ಗಾಬರಿಯಿಂದ ಮಾಲೀಕರಿದ್ದ ಕಡೆ ತಿರುಗಿ ನೋಡಿ, "ನನ್ನ ಕಣ್ಣಿಗೆ ಏನೂ ಆಗಿಲ್ಲ, ಡಾಕ್ಟರ್" ಅಂದು ಎದ್ದು ಹೋದರು.

ಕಾರಿನಲ್ಲಿ ಹೆಂಡತಿ ಅಂದಳು, "ರೀ, ನಿಮ್ಮ ಫೋರ್ಮನ್‌ಗೆ ಪಕ್ಕದ್ದು, ಕೆಳಗಿಂದು ಏನೂ ಕಾಣ್ತಿಲ್ಲ. ಕಣ್ಣಿನ ಒತ್ತಡ ಇರ್ಬೇಕು. ಮಂಗಳವಾರ ಕ್ಲಿನಿಕ್‌ಗೆ ಬನ್ನಿ ಅಂದೆ."

"ಬರಲ್ಲ ಬಿಡು. ಇಂಡಿಯಾದ ಡಾಕ್ಟರ್ ಕೈಗೆ ಕಣ್ಣು ಕೊಡ್ತಾನಾ ಅವನು?"

"ಎಲ್ಲದಕ್ಕೂ ಅದೇ ಕಾರಣಾನಾ?"

ಅವಳು ಇಡೀ ಒಗಟಿನ ಉತ್ತರವನ್ನು ನನ್ನ ಅಂಗೈಯಲ್ಲೇ ಇಟ್ಟಿದ್ದಳು. ನಾನು ಅದನ್ನು ಬೇಲಿಯಾಚೆ ಎಸೆದೆ.

ರಜೆ ಮುಗಿಸಿ ಹೋದಮೇಲೆ ನಾನೊಂದು ಉಪಾಯ ಮಾಡಿದೆ. ಕತ್ತರಿಸಿದ ಪ್ರತಿಯೊಂದು ಕೇಸಿನ ಬುಡದ ಅಂಚಿಗೂ ಚೂಪಾದ ಉಕ್ಕಿನ ಗೀರುಕಡ್ಡಿಯಿಂದ ಯಾರಿಗೂ ಕಾಣದಂಥ ಸಣ್ಣ ಗೀರು ಹಾಕತೊಡಗಿದೆ. ಮರುದಿನ ಬೆಳಿಗ್ಗೆ ಕ್ಲಬ್ಬಿಗೆಂದು ತುಂಬಿಡುತ್ತಿದ್ದ ಪೆಟ್ಟಿಗೆಯಲ್ಲಿ ಕೈಯಾಡಿಸಿದೆ. ಹೆಚ್ಚಿನವಕ್ಕೆ ನನ್ನ ಗೀರಿತ್ತು. ಆದರೆ ನಡುನಡುವೆ ಗೀರಿಲ್ಲದ ಕೇಸುಗಳು! ಸಿಕ್ಕಿಬಿದ್ದ ಕಳ್ಳ.

ಬೆಂಗಳೂರಿನಿಂದ ತಂದಿದ್ದ ನನ್ನ ವರ್ನಿಯರನ್ನು ಮಾರನೆಯ ದಿನ ಊಟದ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು ಹೋದೆ. ಮಧ್ಯಾಹ್ನ ಎಲ್ಲರೂ ಹೊರಗೆ ಕೂತಿದ್ದಾಗ ಗೀರಿಲ್ಲದವನ್ನು ಅಳೆದೆ. ಒಂದೊಂದೂ ಸರಿಯಾದ ಉದ್ದ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಲ್ಲಿಗೆ ನಾನು ನಿಲ್ಲಬೇಕಾಗಿತ್ತು. ಕೆಟ್ಟದ್ದನ್ನು ಸೇರಿಸುವವನು ಇಷ್ಟು ಒಳ್ಳೆಯದನ್ನು ಯಾಕೆ ಸೇರಿಸುತ್ತಾನೆ ಅಂತ ಒಂದು ಗಳಿಗೆ ಯೋಚಿಸಬೇಕಾಗಿತ್ತು. ಗುಮಾನಿ ಅಂಥದ್ದಕ್ಕೆ ಪುರಸೊತ್ತು ಕೊಡುವುದಿಲ್ಲ. ನನ್ನವನ್ನು ಕದ್ದು ಬೇರೆಯವನ್ನು ತುಂಬುತ್ತಿದ್ದಾನೆ, ಒಳ್ಳೆಯ ಕೆಲಸವೆಲ್ಲ ತನ್ನದು ಅಂತ ತೋರಿಸುವುದಕ್ಕೆ ಅಂದುಕೊಂಡೆ. ನೇರವಾಗಿ ಮಾಲೀಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಮಾಲೀಕ ಎದ್ದು ಬಂದರು. ಮಷೀನುಗಳು ಒಂದೊಂದಾಗಿ ನಿಂತವು. ಫೋರ್ಮನ್ನರನ್ನು ಕರೆದು ಬೀರು ತೆಗೆಯಲು ಹೇಳಿದರು. ಅವರು ನನ್ನ ಕಡೆ ಒಂದು ಸಲ ನೋಡಿದರು. ಜೇಬಿನಿಂದ ಬೀಗದ ಕೈ ತೆಗೆದರು. ಅದು ಬೀಗದ ತೂತಿಗೆ ಹೋಗಲು ಮೂರು ಸಲ ತಡಕಬೇಕಾಯಿತು... ಆಗಲೂ ನನಗೆ ಹೊಳೆಯಲಿಲ್ಲ, ಹೆದರಿಕೆಗೆ ಕೈ ನಡುಗುತ್ತಿದೆ ಅಂದುಕೊಂಡೆ. ಒಳಗೆ ಏಳೆಂಟು ಬಿಸ್ಕೆಟ್ ಡಬ್ಬಿಗಳು, ತುಂಬ ಕೇಸುಗಳು. ಮಾಲೀಕ ಮೇಲಿನ ಡಬ್ಬಿಯಿಂದ ಒಂದಿಷ್ಟು ತೆಗೆದು ನನ್ನ ಕೈಗಿಟ್ಟರು. ಎಲ್ಲಕ್ಕೂ ನನ್ನ ಗೀರಿತ್ತು.

"ಇವು ನನ್ನವು" ಅಂದೆ, ಗೆದ್ದವನ ಹಾಗೆ.

ಮಾಲೀಕ ಮೈಕ್ರೋಮೀಟರ್ ತೆಗೆದು ಅಳೆದರು. ಒಂದು, ಎರಡು, ಮೂರು. "ಎಲ್ಲಾ ಏಳು ಥೌ ಕಮ್ಮಿ ಇದೆಯಲ್ಲಪ್ಪಾ."

ನಾನೇ ತೋಡಿದ ಹಳ್ಳದ ಅಂಚಿನಲ್ಲಿ ನಾನೇ ನಿಂತಿದ್ದೆ. ಕೆಟ್ಟ ಕೆಲಸವನ್ನು ನನ್ನದು ಅಂತ ಗೀರು ಹಾಕಿ, ಸಾಕ್ಷಿ ಸಮೇತ ಒಪ್ಪಿಸಿದ್ದೆ. ಮಾಲೀಕ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಫೋರ್ಮನ್ ಅಂದರು:

"ತಪ್ಪು ಅವನದಲ್ಲ. ಬ್ಲಾಕಿಂದು. ಮೂರನೇ ಗುಳಿ. ಬ್ಲಾಕ್ ನಂದು."

ಅವರು ಹೇಳಿದ್ದು ಇಷ್ಟು. ಎರಡನೆಯ ವಾರದಲ್ಲೇ ಅವರಿಗೆ ಗೊತ್ತಾಗಿತ್ತು. ಮೂರನೆಯ ಗುಳಿಯ ತಳ ಏಳು ಥೌ ಮೇಲಿದೆ. ಅಲ್ಲಿ ಕೂತ ಕೇಸು ಅಷ್ಟು ಎತ್ತರ ನಿಲ್ಲುತ್ತದೆ, ಕಟ್ಟರ್ ಅಷ್ಟು ಹೆಚ್ಚು ಕತ್ತರಿಸುತ್ತದೆ. ಹಾಗಾಗಿ ಐದರಲ್ಲೊಂದು ಗಿಡ್ಡ. ದಿನಾ ಸಂಜೆ ಆ ಗಿಡ್ಡವನ್ನು ಆರಿಸಿ ತೆಗೆದು, ಬೆಳಗಿನ ಐದಕ್ಕೆ ಬಂದು, ಮೂಲೆಯ ಹಳೆಯ ಮಷೀನಿನಲ್ಲಿ ಕಾಲೆಟ್ ಹಾಕಿ, ಒಂದೊಂದೇ ಹಿಡಿದು, ಅಷ್ಟನ್ನೂ ಮೂಟೆಯ ಹೊಸ ಕೊಳವೆಗಳಿಂದ ಮತ್ತೆ ಮಾಡಿ ತುಂಬುತ್ತಿದ್ದರು. ಕಾಲೆಟ್ಟಿಗೆ ಕಣ್ಣು ಬೇಡ. ಬೆರಳಿಗೆ ತಡೆ ಸಿಕ್ಕರೆ ಸಾಕು, ಉಳಿದದ್ದನ್ನು ಕಿವಿ ಹೇಳುತ್ತದೆ. ಮೂಟೆ ಖಾಲಿಯಾದ ದಿನ ಲೆಕ್ಕ ತಾಳೆಯಾಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಅಲ್ಲಿಯತನಕ ಮಾತ್ರ ಅವರು ನೋಡಿದ್ದು.

"ಬಿಚ್ಚಿ ಸರಿ ಮಾಡಬಹುದಿತ್ತಲ್ಲ?" ಅಂತ ಮಾಲೀಕ ಕೇಳಿದರು.

"ಗುಳಿಯ ತಳ ನನಗೆ ಕಾಣಲ್ಲ" ಅಂದರು ಫೋರ್ಮನ್. "ಕೊರೆದಾಗಲೂ ಸರಿಯಾಗಿ ಕಾಣ್ತಿರಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಮುಖದಿಂದ ಸ್ವಲ್ಪ ಪಕ್ಕಕ್ಕೆ ನೋಡುತ್ತಾ, "ನನ್ನನ್ನೇ ಕೇಳಬಹುದಿತ್ತು" ಅಂದರು. ಅಷ್ಟೇ.

ಅವರು ಯಾರನ್ನು ಉಳಿಸುತ್ತಿದ್ದರು? ನನ್ನನ್ನೋ, ತಮ್ಮನ್ನೋ? ಆಗ ಹಟ ಹಿಡಿದು ಯೋಚಿಸಿದೆ. ತಮ್ಮನ್ನೇ, ತಮ್ಮ ಕೆಲಸವನ್ನೇ, ಅಂತ ತೀರ್ಮಾನಿಸಿ ಸಮಾಧಾನ ಮಾಡಿಕೊಂಡೆ. ಈಗ ಅಷ್ಟು ಖಾತ್ರಿಯಿಲ್ಲ. ಮೊದಲ ವಾರದ ದೂರನ್ನು ನನ್ನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಅವರಿಗೆ ಸುಲಭವಿತ್ತು. ಹಾಗೆ ಮಾಡಿದ್ದರೆ ಬೆಳಗಿನ ಐದಕ್ಕೆ ಶೆಡ್ಡಿಗೆ ಬರುವ ಕೆಲಸವೇ ಇರಲಿಲ್ಲ.

ಎರಡು ವಾರದಲ್ಲಿ ಅವರು ಕೆಲಸ ಬಿಟ್ಟರು. ಬಿಡಿಸಿದರು ಅನ್ನಬೇಕು. ಬ್ಲಾಕನ್ನು ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಎರಡು ಹೋಳನ್ನೂ ಬಿಚ್ಚಿ ಮೂರನೆಯ ಗುಳಿಯ ಗುಂಡಿಯನ್ನು ಹಿಂದಿನಿಂದ ತಟ್ಟಿ ತೆಗೆದೆ. ಅದರ ಅಡಿಯಲ್ಲಿ ಉಗುರು ಕತ್ತರಿಸಿದಾಗ ಬೀಳುವಂಥದ್ದೊಂದು ಉಕ್ಕಿನ ಚೂರು ಅಂಟಿಕೊಂಡಿತ್ತು. ಕೊರೆದಾಗ ಉಳಿದ ಚೂರು. ಅವರ ಕಣ್ಣಿಗೆ ಬೀಳದೆ, ಅದರ ಮೇಲೆಯೇ ಗುಂಡಿ ಒತ್ತಿ ಕೂತುಬಿಟ್ಟಿತ್ತು. ಚೂರು ತೆಗೆದು, ಒರೆಸಿ, ಗುಂಡಿಯನ್ನು ಮತ್ತೆ ಕೂರಿಸಿ ಆಳ ಅಳೆದೆ. ಐದೂ ಗುಳಿ ಒಂದೇ ಸಮ. ಅವರು ಕೊರೆದದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಹತ್ತು ನಿಮಿಷದ ಕೆಲಸ... ಎಳೆಯ ಕಣ್ಣಿರುವ ಯಾರನ್ನು ಕರೆದಿದ್ದರೂ ಆಗಿಹೋಗುತ್ತಿತ್ತು.

ಆ ಗಳಿಗೆಯಲ್ಲಿ ನಾನು ಮಾಡಿದ್ದನ್ನು ಬರೆಯುವುದಕ್ಕೇ ಇಷ್ಟೆಲ್ಲ ಪೀಠಿಕೆ. ಚೂರನ್ನು ಯಾರೂ ನೋಡುವ ಮುಂಚೆ ಕಸದ ಡ್ರಮ್ಮಿಗೆ ಎಸೆದೆ. ಮಾಲೀಕ ಬಂದು "ಏನಾಗಿತ್ತು?" ಅಂದಾಗ "ತಳ ಸರಿಯಿರಲಿಲ್ಲ, ಸರಿ ಮಾಡಿದೆ" ಅಂದೆ. ಅವರು ಬೆನ್ನು ತಟ್ಟಿದರು. ನಾನೇ ಮತ್ತೆ ಕೊರೆದು ಸರಿಪಡಿಸಿದೆ ಅಂದುಕೊಂಡರು. ನಾನು ಅಲ್ಲಗಳೆಯಲಿಲ್ಲ. ಚೂರಿನ ವಿಷಯ ಹೇಳಿದ್ದರೆ ಅವರು ಮುದುಕರನ್ನು ವಾಪಸ್ ಕರೆಯುತ್ತಿದ್ದರೇನೋ. ಕಣ್ಣಿನ ಕೆಲಸ ಬಿಡಿಸಿ, ಹೊಸಬರಿಗೆ ಕಲಿಸುವ ಕೆಲಸವನ್ನಾದರೂ ಕೊಡುತ್ತಿದ್ದರೇನೋ. ನಾಲ್ಕು ತಿಂಗಳಾದ ಮೇಲೆ ಫೋರ್ಮನ್ನರ ಜಾಗ ನನಗೆ ಬಂತು. ಮುಂದಿನ ಊಟದ ಕೂಟದಲ್ಲಿ ಡಾಕ್ಟರುಗಳ ಮಧ್ಯೆ "ನಾನೀಗ ಫೋರ್ಮನ್" ಅಂತ ಹೇಳಿಕೊಂಡೆ. ಯಾರೂ ಸುಮ್ಮನಾಗಲಿಲ್ಲ.

ಒಂದು ಸಂಜೆ ಹೆಂಡತಿ ಬಂದವಳೇ "ನಿಮ್ಮ ಫೋರ್ಮನ್ ಕ್ಲಿನಿಕ್‌ಗೆ ಬಂದಿದ್ರು" ಅಂದಳು. ತಾವಾಗಿಯೇ ಬಂದು ಸಾಲಿನಲ್ಲಿ ಕೂತಿದ್ದರಂತೆ. "ಇನ್ನೆರಡು ವರ್ಷ ಮುಂಚೆ ಬರ್ಬೇಕಿತ್ತು. ಹೋದ ದೃಷ್ಟಿ ಬರಲ್ಲ, ಉಳಿದಿದ್ದನ್ನ ಡ್ರಾಪ್ಸ್ ಹಾಕಿ ಉಳಿಸ್ಕೋಬೇಕು." ಅದಕ್ಕಿಂತ ಹೆಚ್ಚಿಗೆ ಅವಳು ರೋಗಿಗಳ ಮಾತನ್ನು ಮನೆಗೆ ತರುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಅವರು ಪರ್ತ್‌ನಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಪ್ರತಿ ಕ್ರಿಸ್‌ಮಸ್ಸಿಗೂ ಒಂದು ಕಾರ್ಡು ಬರುತ್ತಿತ್ತು. ಲಕೋಟೆಯ ಮೇಲೆ "ಡಾಕ್ಟರಿಗೆ" ಅಂತ ಇರುತ್ತಿತ್ತು. ನನ್ನ ಹೆಸರಿರುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ಹೆಂಡತಿಗೆ ಪರ್ತ್‌ನಲ್ಲಿ ಮೂರು ತಿಂಗಳ ಕೆಲಸ ಬಂತು. ನಾನು ರಜೆ ಹಾಕಿ ಹದಿನೈದು ದಿನದ ಮಟ್ಟಿಗೆ ಹೋಗಿದ್ದೆ. ಕಾರ್ಡಿನ ವಿಳಾಸ ಜೇಬಿನಲ್ಲಿತ್ತು. ಒಂದು ಮಧ್ಯಾಹ್ನ ಬಸ್ಸು ಹಿಡಿದು ಹೋದೆ. ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ ಅವಳೂ ಬರುತ್ತಿದ್ದಳು, ಅವಳ ಮುಂದೆ ಆ ಮಾತು ಆಡುವ ಧೈರ್ಯ ನನಗಿರಲಿಲ್ಲ.

ಬಾಗಿಲು ತೆಗೆದ ಮಗಳು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ನಿಂಬೆ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಹಳ ಸೊರಗಿದ್ದರು. "ಯಾರು?" ಅಂದರು. ನಾನು "ಹಲೋ" ಅಂದ ಮೇಲೆ ಅವರ ಮುಖ ಬಿಗಿಯಿತು. ನನ್ನ ದನಿ ಮರೆತಿರಲಿಲ್ಲ.

"ಮಾಲೀಕ ಕಳಿಸಿದನಾ?"

"ಇಲ್ಲ. ನಾನೇ ಬಂದೆ."

ಮಗಳು ಟೀ ಇಟ್ಟು ಒಳಗೆ ಹೋದಳು. ಶಾಪಿನ ಸುದ್ದಿ, ಸೆಕೆಯ ಸುದ್ದಿ ಆಡಿದೆವು. ಮಾತು ಮಾತಿಗೂ ಅವರು ನಿಲ್ಲಿಸಿ ಕಾಯುತ್ತಿದ್ದರು, ನಾನು ಬಂದ ಅಸಲು ಕಾರಣ ಯಾವಾಗ ಹೊರಬೀಳುತ್ತದೆ ಅಂತ. ಕೊನೆಗೆ ಅವರೇ ಕೇಳಿದರು.

"ಮೂರನೇ ಗುಳಿಯನ್ನ ನೀನು ಮತ್ತೆ ಕೊರೆದೆಯಂತೆ. ಎಷ್ಟು ತೆಗೆದೆ?"

ಹೇಳಿದೆ. ಕೊರೆಯಲಿಲ್ಲ, ಕೊರೆಯುವುದು ಬೇಕಿರಲಿಲ್ಲ, ಗುಂಡಿಯ ಅಡಿಯಲ್ಲಿ ಒಂದು ಚೂರು ಸಿಕ್ಕಿಕೊಂಡಿತ್ತು ಅಂದೆ. ನಿಮ್ಮ ಕೆಲಸ ಸರಿಯಾಗಿತ್ತು, ಐದೂ ಗುಳಿ ಸಮ ಇದ್ದವು, ನಾನು ಮಾಲೀಕರಿಗೆ ನಿಜ ಹೇಳಲಿಲ್ಲ ಅಂದೆ.

ಅವರ ಎರಡೂ ಕೈ ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

"ಎಷ್ಟು ದಪ್ಪ ಇತ್ತು?"

"ಯಾವುದು?"

"ಆ ಚೂರು."

"...ಅಳೆಯಲಿಲ್ಲ."

"ಅಳೆಯಲಿಲ್ಲ" ಅಂತ ನನ್ನ ಮಾತನ್ನೇ ತಿರುಗಿ ಆಡಿದರು. "ನೀನು ಟೂಲ್‌ರೂಮಿನವನು. ಊಟದ ಡಬ್ಬಿಯಲ್ಲಿ ವರ್ನಿಯರ್ ಬಚ್ಚಿಟ್ಟು ತಂದವನು. ಏಳು ಥೌ ತಪ್ಪಿಗೆ ಕಾರಣ ಕೈಗೆ ಸಿಕ್ಕಿತ್ತು. ಅದು ಏಳು ಥೌ ಇದೆಯಾ ಅಂತ ನೋಡಲಿಲ್ಲ?"

ಅಳೆಯುವಷ್ಟು ಹೊತ್ತು ಅದನ್ನು ಕೈಯಲ್ಲಿಟ್ಟುಕೊಳ್ಳಲು ಹೆದರಿದ್ದೆ ಅಂದೆ. ಯಾರಾದರೂ ನೋಡಿಬಿಡುತ್ತಾರೆ ಅಂತ ಎಸೆದೆ ಅಂದೆ. ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

"ಈಗ್ಯಾಕೆ ಹೇಳ್ತಿದ್ದೀಯಾ? ಕಣ್ಣು ಹೋದ ಮುದುಕನಿಗೆ ಸಮಾಧಾನ ಆಗಲಿ ಅಂತಾನಾ? ಡಾಕ್ಟರ್ ಹೇಳಿಕೊಟ್ಟರಾ?"

"ಅವಳಿಗೆ ಗೊತ್ತೇ ಇಲ್ಲ."

ಅವರು ತಲೆಯಾಡಿಸಿದರು. ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ. "ಒಳ್ಳೆ ಮಾತು. ಥ್ಯಾಂಕ್ಸ್ ಮೇಟ್" ಅಂದರು, ಅಂಗಡಿಯಲ್ಲಿ ಬೇಡದ ಸಾಮಾನನ್ನು ತಿರುಗಿ ಕೊಡುವವರ ಹಾಗೆ. ಬಾಗಿಲ ತನಕ ಬಂದ ಮಗಳು, "ಅಪ್ಪ ಅದೇ ಗುಳಿ ಅಂತ ಈಗಲೂ ಗೊಣಗ್ತಾ ಇರ್ತಾರೆ. ಕೈ ಕೆಟ್ಟುಹೋಯ್ತು ಅಂತಾರೆ. ಏನದು?" ಅಂತ ಕೇಳಿದಳು. ಅವಳಿಗೂ ಹೇಳಿದೆ. ಅವಳು ಮಂದಹಾಸ ಬೀರಿ, ಹೇಳಿದ್ದಕ್ಕೆ ಉಪಕಾರವಾಯಿತು ಅಂದಳು. ಅವಳೂ ನಂಬಿದಂತೆ ಕಾಣಲಿಲ್ಲ.

ಮೂರು ಕ್ರಿಸ್‌ಮಸ್ ಆದಮೇಲೆ ಬಂದ ಕಾರ್ಡಿನಲ್ಲಿ ಮಗಳ ಅಕ್ಷರವಿತ್ತು. ಅಪ್ಪ ಚಳಿಗಾಲದಲ್ಲಿ ತೀರಿಕೊಂಡರು ಅಂತ. ಹೆಂಡತಿ ಉತ್ತರ ಬರೆದು ನನ್ನ ಕಡೆ ತಳ್ಳಿದಳು. ನಾನೂ ಸಹಿ ಹಾಕಿದೆ. ಇನ್ನೊಂದು ಸಾಲು ಸೇರಿಸಬೇಕು ಅಂತ ಪೆನ್ನು ಹಿಡಿದು ಕೂತೆ... ಸೇರಿಸಲಿಲ್ಲ.

ನಾವು ಬ್ರಿಸ್ಬೇನಿಗೆ ಬಂದು ಎಷ್ಟೋ ವರ್ಷವಾಯಿತು. ಇಬ್ಬರೂ ನಿವೃತ್ತರು. ಈಗ ನಾನು ಆಗಿನ ಅವರಿಗಿಂತ ಬಹಳ ದೊಡ್ಡವನು. ಶಾಪಿಂಗ್ ಸೆಂಟರಿನಿಂದ ಬಂದ ಆ ಮಧ್ಯಾಹ್ನ ಹೆಂಡತಿ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು. ಎದುರಿಗೆ ಕೂತು ಮೊದಲಿಂದ ಕೊನೆಯ ತನಕ ಎಲ್ಲವನ್ನೂ ಹೇಳಿದೆ. ಗೀರು, ಚೂರು, ಪರ್ತ್, ಒಂದನ್ನೂ ಬಿಡಲಿಲ್ಲ. ಅವಳು ಬೈಯಲಿಲ್ಲ. ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

"ಕ್ಲಿನಿಕ್‌ಗೆ ಬಂದಿದ್ರಲ್ಲ ಅವತ್ತು," ಅಂದಳು ಸ್ವಲ್ಪ ಹೊತ್ತಾದ ಮೇಲೆ, "ಒಂದು ಮಾತು ಕೇಳಿದ್ರು. ಈ ಕಣ್ಣಿಟ್ಕೊಂಡು ಒಬ್ಬ ಮನುಷ್ಯ ಸಣ್ಣ ಅಳತೆ ಕೆಲಸ ಸರಿಯಾಗಿ ಮಾಡೋಕಾಗುತ್ತಾ ಡಾಕ್ಟರ್, ಅಂತ. ಕಾರು ಓಡಿಸೋ ವಿಚಾರ ಎಲ್ಲ ರೋಗಿಗಳೂ ಕೇಳ್ತಾರಲ್ಲ, ಹಾಗೇ ಅಂದ್ಕೊಂಡೆ. ಇಲ್ಲ, ಖಂಡಿತ ತಪ್ಪಾಗುತ್ತೆ ಅಂದುಬಿಟ್ಟೆ ಕಣ್ರೀ."

ನಾನು ಬುಟ್ಟಿಯಿಂದ ಉರುಳಿದ್ದ ಒಂದು ಕಾಯನ್ನು ಎತ್ತಿ ಒಳಗಿಟ್ಟೆ.

"ನೀವು ಅವತ್ತೇ ಹೇಳಿದ್ರೆ ನಾನು ಹಾಗನ್ತಿರಲಿಲ್ಲ."

ಕಣ್ಣು ಒರೆಸಿಕೊಂಡು ಬುಟ್ಟಿ ಎತ್ತಿಕೊಂಡು ಒಲೆಯ ಹತ್ತಿರ ಹೋದಳು. ನಾನು ಅಲ್ಲೇ ಕೂತಿದ್ದೆ. ಅವರ ಕೈ ಕೆಟ್ಟಿರಲಿಲ್ಲ. ಈ ಮಾತನ್ನು ಈಗ ಯಾರ ಮುಂದೆ ಬೇಕಾದರೂ ಹೇಳಬಲ್ಲೆ, ಕೇಳಿದವರು ನಂಬಿಯೂ ನಂಬುತ್ತಾರೆ. ಆದರೆ ಇದನ್ನು ನಂಬಬೇಕಾಗಿದ್ದವರು ಒಬ್ಬರೇ. ಅವರು ನಂಬದೆಯೇ ಹೋದರು.